ಬೆಂಗಳೂರಿನ ಮೂಡಣ ಸೀಮೆಯ ಕುರುಚಲು ಕಾಡೂ ನೀಲಗಿರಿಯ ತೋಪೂ

೧

ಗಿಡಮರಗಳಿಗೆ ಜನರು ಇಟ್ಟಿರುವ ಹೆಸರುಗಳನ್ನು ಪರೀಕ್ಷಿಸಿದರೆ, ಆಯಾ ಜನರು ಆ ಗಿಡದಲ್ಲಿ ಯಾವ ಗುಣವನ್ನು ಮುಖ್ಯವಾಗಿ ಕಂಡರೆಂಬುದು ತಿಳಿಯಬರುತ್ತದೆ. ಬೆಂಗಳೂರಿನ ದಂಡು ಪ್ರದೇಶದಿಂದ ಮೂಡಲಿಗೆ ಹಲಸೂರು, ಕೃಷ್ಣರಾಜಪುರ, ಹೊಸಕೋಟೆಗಳನ್ನು ದಾಟಿ ಕೋಲಾರದವರೆಗೆ ಹಬ್ಬಿರುವ ಸೀಮೆಯಲ್ಲಿ ಇಂತಹ ಪರೀಕ್ಷೆಗೆ ತಕ್ಕ ಮರವೊಂದುಂಟು. ಕನ್ನಡಿಗರು ಇದನ್ನು ನೀಲಗಿರಿಯೆಂದು ಕರೆಯುತ್ತಾರೆ. ಹಲಸೂರಿನ ತಮಿಳರಿಗೆ ಇದು ತೈಲಮರ. ಕೋಲಾರದ ಗಡಿಯಾಚೆಯ ತೆಲುಗರು ಇದನ್ನು ಜಾಮಾಯಿಲು ಎನ್ನುವರು. ದಂಡಿನ ಆಂಗ್ಲರಿಗೆ ಇದು ಅಂಟು ಒಸರುವ ಮರವಾದುದರಿಂದ ಗಮ್ ಎನಿಸಿತು. ಸಸ್ಯಶಾಸ್ತ್ರಜ್ಞರ ಯೂಕಲಿಪ್ಟಸ್ ಎಂಬ ಶಬ್ದವನ್ನು ೧೭೮೮ರಲ್ಲಿ ಫ್ರಾನ್ಸಿನ ಲೆರಿತಿಯೆ ಎಂಬ ವಿದ್ವಾಂಸನು ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಕಲ್ಪಿಸಿದನು. ‘ಚೆನ್ನಾಗಿ ಮುಚ್ಚಲ್ಪಟ್ಟುದು’ ಎಂಬುದು ಅದರ ಅರ್ಥ. ಮೊಗ್ಗಿನ ಮೇಲೆ ಮುಚ್ಚಳದಂತಿರುವ ಹೊದಿಕೆಯೇ ಈ ಹೆಸರಿಗೆ ಕಾರಣವಾಯಿತು.

ಈಚಿನ ಕೋಶಕಾರರು ಇದಕ್ಕೆ ‘ತೈಲಪರ್ಣ’ವೆಂಬ ಸಂಸ್ಕೃತ ನಾಮವನ್ನು ಕೊಟ್ಟಿರುತ್ತಾರೆ. ಈ ವಿಷಯದಲ್ಲಿ ಸಾಹಿತ್ಯವನ್ನು ಬೋಧಿಸುವವರು ಸ್ವಲ್ಪ ಎಚ್ಚರದಿಂದಿರಬೇಕು. ಅಮರಸಿಂಹನು ‘ತೈಲಪರ್ಣಿಕ’ವೆಂಬುದನ್ನು ಚಂದನದ ಭೇದಗಳಲ್ಲಿ ಗೋಶೀರ್ಷ, ಹರಿಚಂದನಗಳೊಡನೆ ಎಣಿಸಿದ್ದಾನೆ. ಹೀಗಿರಲು ಪ್ರಾಚೀನ ಗ್ರಂಥಗಳಲ್ಲಿ ಆ ಪದವು ಕಂಡಲ್ಲಿ ಗಂಧದ ಮರವನ್ನು ತಿಳಿಯಬೇಕೇ ಹೊರತು, ಹದಿನೆಂಟನೆಯ ಶತಮಾನದ ಕೊನೆಯವರೆಗೂ ಭರತಖಂಡವು ಕಾಣದಿದ್ದ ಈ ಮರವನ್ನಲ್ಲ.

ಮೇಲಿನ ಹೆಸರುಗಳಲ್ಲಿ ಒಂದು ಎಲೆಯ ಎಣ್ಣೆಯನ್ನೂ, ಒಂದು ತೊಗಟೆಯ ಅಂಟನ್ನೂ, ಒಂದು ಮೊಗ್ಗನ್ನೂ, ಒಂದು ಬೆಟ್ಟವನ್ನೂ ಹೇಳುತ್ತವೆ. ಬೇರನ್ನು ಹೇಳುವ ಹೆಸರು ಒಂದೂ ಇಲ್ಲ. ಆದರೆ ಈ ಸೀಮೆಯಲ್ಲಿ ಆ ಮರದ ಚರಿತ್ರೆಯು ನಡೆದದ್ದು ಬಹುಮಟ್ಟಿಗೆ ನೆಲದ ಕೆಳಗೆ. ಅದರ ತವರಾದ ಆಸ್ಟ್ರೇಲಿಯದಲ್ಲಿ ಮಾತ್ರ ಇನ್ನೊಂದು ಶಬ್ದವುಂಟು. ಅಲ್ಲಿಯ ವಿಕ್ಟೋರಿಯ ಪ್ರಾಂತದ ಮೂಲನಿವಾಸಿಗಳ ಭಾಷೆಯಿಂದ ಬಂದ ‘ಮ್ಯಾಲಿ’ ಎಂಬುದು ಆ ಶಬ್ದ. ನೆಲದೊಳಗಿನ ಒಂದು ಮರಗಡ್ಡೆಯಿಂದ ಹಲವು ಕಾಂಡಗಳು ಎದ್ದು ಗಿಡ್ಡಗೆ ಬೆಳೆಯುವ ಯೂಕಲಿಪ್ಟಸ್ ಜಾತಿಗಳಿಗೂ, ಅಂತಹ ಗಿಡಗಳಿಂದ ತುಂಬಿದ ಒಣ ಬಯಲಿಗೂ ಅದೊಂದೇ ಹೆಸರು. ಕನ್ನಡದ ‘ಕುರುಚಲು’ ಎಂಬ ಪದವೂ ಇದೇ ಬಗೆಯದು. ಗಿಡ್ಡತನವನ್ನು ಸೂಚಿಸುವ ಈ ಮಾತು ಗಿಡಕ್ಕೂ ಸಲ್ಲುತ್ತದೆ, ಆ ಗಿಡಗಳಿರುವ ನೆಲಕ್ಕೂ ಸಲ್ಲುತ್ತದೆ. ಬೆಂಗಳೂರಿನ ಮೂಡಲಲ್ಲಿ ಮೊದಲಿದ್ದ ಒಂದು ಕುರುಚಲು ಹೋಗಿ ಮತ್ತೊಂದು ಕುರುಚಲು ಹೇಗೆ ನೆಲೆಗೊಂಡಿತು, ಅದಕ್ಕೆ ಹೆಸರುಗಳು ಎಷ್ಟರಮಟ್ಟಿಗೆ ಕಾರಣವಾದುವು ಎಂಬುದೇ ಪ್ರಕೃತ ವಿಚಾರ.

೨

ಈ ಸೀಮೆಯ ನೆಲವು ಕಣಶಿಲೆಯ ಮೇಲೆ ಕೂಡಿರುವ ಕೆಂಪು ಮಣ್ಣು. ಏರುಗಳು ಒಣಗಿದವು, ತಗ್ಗುಗಳು ಕೆರೆಗೆ ಒದಗುವಂತಹವು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೦೦ ಮಿಲ್ಲಿಮೀಟರಿಗೆ ಮೇಲ್ಪಟ್ಟು ಬೀಳುವ ಮಳೆಯು ಮೂಡಲಿಗೆ ಹೋದಂತೆ ಕಡಮೆಯಾಗುತ್ತದೆ. ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ದೇವನಹಳ್ಳಿಯ ಕಡೆಯಿಂದ ಹೊಸಕೋಟೆಯ ಕೆರೆಗೆ ಬಂದು, ಮುಂದೆ ತಮಿಳುನಾಡನ್ನು ಸೇರುತ್ತದೆ. ಹಲಸೂರು ಕೆರೆಯ ಕೋಡಿ ನೀರೂ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ಇದೇ ನದಿಗೆ ಇಳಿಯುವುದು. ಹಾಗಾಗಿ ದಂಡಿನ ಏರಿನಿಂದ ಹೊಸಕೋಟೆಯವರೆಗಿನ ನೆಲವೆಲ್ಲವೂ ಒಂದೇ ನೀರಿನ ಮನೆಗೆ ಸೇರಿದುದು.

ಆಯುರ್ವೇದದ ಆಚಾರ್ಯರು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಭಾಗಿಸಿರುತ್ತಾರೆ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯದಲ್ಲಿ ಜಾಂಗಲದ ಲಕ್ಷಣವು ವಿಸ್ತಾರವಾಗಿ ಬಂದಿದೆ. ತೆರೆದ ಆಕಾಶ, ಬಿರುಸಾದ ಒಣಗಾಳಿ, ಅಲ್ಲಲ್ಲಿ ಬಿಸಿಲುಗುದುರೆ, ಗಟ್ಟಿಮುಟ್ಟಾದ ಜನರು, ಖದಿರ, ಬದರೀ, ಶಮೀ, ತಿಂದುಕ ಮೊದಲಾದ ಮರಗಳು ಇವೇ ಅದರ ಗುರುತುಗಳು. ಕನ್ನಡದಲ್ಲಿ ಹೇಳುವುದಾದರೆ ಕಗ್ಗಲಿ, ಎಲಚಿ, ಬನ್ನಿ, ತೂಪರೆಗಳ ನಾಡು. ಜಾಂಗಲವೆಂದರೆ ದಟ್ಟವಾದ ಅರಣ್ಯವಲ್ಲ, ಬಯಲಾದ ಮುಳ್ಳುಗಾಡು. ಅಲ್ಲಿಯ ಗಾಳಿ, ನೀರು, ಮಾಂಸಗಳು ದೇಹಕ್ಕೆ ಹಗುರವೆಂದು ವೈದ್ಯರು ಅದನ್ನು ಹೊಗಳಿದರು. ಇದೇ ಶಬ್ದವು ಹಿಂದೂಸ್ತಾನಿಯ ‘ಜಂಗಲ್’ ಆಗಿ ಆಂಗ್ಲರ ಬಾಯಿಗೆ ಹೋಗಿ, ಕೊನೆಗೆ ಬಿಸಿಲು ತೂರದ ದಟ್ಟಡವಿಗೆ ಹೆಸರಾದುದು ಭಾಷಾಚರಿತ್ರೆಯ ವಿನೋದಗಳಲ್ಲೊಂದು. ಒಂದು ಬಗೆಯ ನೆಲದ ಹೆಸರು ಅದಕ್ಕೆ ವಿರುದ್ಧವಾದ ನೆಲಕ್ಕೆ ಹೋದಾಗ, ಮೊದಲನೆಯದು ಹೆಸರಿಲ್ಲದೆ ಉಳಿಯುತ್ತದೆ. ಹೆಸರಿಲ್ಲದ ವಸ್ತುವನ್ನು ಇಲ್ಲವೆಂದು ಎಣಿಸುವುದು ಸುಲಭ.

ಶಾಸನಗಳ ಕಾಲದಲ್ಲಿ ಈ ನೆಲಕ್ಕೆ ಹೆಸರಿಲ್ಲದೆ ಇರಲಿಲ್ಲ. ಕನ್ನಡ ದಾನಶಾಸನಗಳನ್ನು ಓದಿದವರಿಗೆ ‘ಕಾಡಾರಂಭ’, ‘ನೀರಾರಂಭ’ ಎಂಬ ಜೋಡಿ ಮಾತುಗಳು ಪರಿಚಿತವಾದವು. ನೀರಾರಂಭವೆಂದರೆ ಕೆರೆಯ ಕೆಳಗಿನ ಬೇಸಾಯ, ಕಾಡಾರಂಭವೆಂದರೆ ಮಳೆಯನ್ನು ನಂಬಿದ ಬೆದ್ದಲಿನ ಬೇಸಾಯ. ಒಣಹೊಲಕ್ಕೂ ಕಾಡಿನ ಹೆಸರೇ ಅಂಟಿಕೊಂಡಿರುವುದನ್ನು ಗಮನಿಸಬೇಕು. ಹೊಲವೂ ಕುರುಚಲೂ ಒಂದಕ್ಕೊಂದು ಶತ್ರುಗಳಲ್ಲ. ಹೊಲವು ಕೆಲವು ವರ್ಷ ಬೀಳುಬಿದ್ದರೆ ಕುರುಚಲಾಗುತ್ತದೆ, ಕುರುಚಲನ್ನು ಸವರಿದರೆ ಹೊಲವಾಗುತ್ತದೆ. ಗ್ರಾಮದಾನವನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳೊಡನೆ ಕೊಡುವ ಪದ್ಧತಿಯೂ ಇದನ್ನೇ ತೋರಿಸುತ್ತದೆ. ಊರಿನ ಎಲ್ಲೆಯೊಳಗೆ ಬೆಲೆಯಿಲ್ಲದ ನೆಲವೆಂಬುದೇ ಇರಲಿಲ್ಲ. ಇಂದಿನ ಫಲವು ‘ಸಿದ್ಧ’, ಮುಂದೆ ದೊರೆಯಬಹುದಾದುದು ‘ಸಾಧ್ಯ’.

ಕೃಷ್ಣರಾಜಪುರಕ್ಕೆ ಮೂಡಲಲ್ಲಿರುವ ಕಾಡುಗೋಡಿಯ ಕಾಶೀವಿಶ್ವೇಶ್ವರ ದೇವಾಲಯದಲ್ಲಿ ರಾಜೇಂದ್ರಚೋಳನ ಆಳಿಕೆಗೆ ಸೇರಿದ, ಕ್ರಿ. ಶ. ೧೦೪೩ರ ತಮಿಳು ಶಾಸನವೊಂದಿದೆ. ಪಟ್ಟಂದೂರಿನಲ್ಲಿ ಕೆರೆಯನ್ನು ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿದ ಸಂಗತಿಯು ಅದರಲ್ಲಿ ಉಕ್ತವಾಗಿದೆ. ಕಾಡುಗೋಡಿ ಎಂಬ ಊರಿನ ಹೆಸರನ್ನು ಬಿಡಿಸಿದರೆ ‘ಕಾಡು’, ‘ಕೋಡಿ’ ಎಂಬ ಎರಡು ಪದಗಳು ದೊರೆಯುತ್ತವೆ. ಕೋಡಿಯೆಂದರೆ ತುಂಬಿದ ಕೆರೆಯಿಂದ ಮಿಕ್ಕ ನೀರು ಹೊರಗೆ ಹರಿಯುವ ಸ್ಥಳ. ಈ ಸೀಮೆಯ ಬದುಕಿನ ಕ್ರಮವೆಲ್ಲ ಆ ಒಂದು ಹೆಸರಿನಲ್ಲಿ ಅಡಗಿರುವಂತಿದೆ. ಏರಿನ ಮೇಲೆ ಕುರುಚಲು, ತಗ್ಗಿನಲ್ಲಿ ಕೆರೆ. ಮೇಲಿನ ಕುರುಚಲು ಮಳೆನೀರಿನ ಓಟವನ್ನು ತಡೆದು ಮಣ್ಣನ್ನು ಹಿಡಿದರೆ, ಕೆಳಗಿನ ಕೆರೆಯು ಹೂಳು ತುಂಬದೆ ಉಳಿಯುವುದು.

ಆ ಕುರುಚಲಿನಲ್ಲಿ ಇದ್ದುದೇನು? ತಂಗಡಿ, ಬಂದರಿಕೆ, ಕವಳೆ, ಕಾರೆ, ಎಲಚಿ, ಜಾಲಿ, ಈಚಲು, ಕಳ್ಳಿ, ನಡುನಡುವೆ ಮುತ್ತುಗ, ಹೊಂಗೆ, ಅಪೂರ್ವವಾಗಿ ಗಂಧ. ತಂಗಡಿಯ ಸೊಪ್ಪು ಗದ್ದೆಗೆ ಗೊಬ್ಬರ, ಅದರ ತೊಗಟೆ ಚರ್ಮ ಹದಮಾಡುವವರಿಗೆ ಬೇಕಾದ ವಸ್ತು. ಬಂದರಿಕೆಯು ಬೇಲಿಗೂ ಒಲೆಗೂ ಮಾಡಿಗೂ ಒದಗುವುದು. ಕವಳೆ, ಎಲಚಿ, ಕಾರೆಗಳ ಹಣ್ಣು ದನಕಾಯುವ ಹುಡುಗರ ಪಾಲು. ಕುರಿ ಮೇಕೆಗಳಿಗೆ ವರ್ಷದ ಬಹುಭಾಗ ಇದೇ ಆಹಾರ. ಕೌತುಕದ ಸಂಗತಿಯೆಂದರೆ, ಇವುಗಳಲ್ಲಿ ಬಂದರಿಕೆಯು ಆಸ್ಟ್ರೇಲಿಯದ ಮ್ಯಾಲಿ ಬಯಲಿನಲ್ಲಿಯೂ ತಾನಾಗಿ ಬೆಳೆಯುತ್ತದೆ. ಯಾರೊಬ್ಬರೂ ಬೀಜ ಬಿತ್ತುವುದಕ್ಕೆ ಮೊದಲೇ ಆ ನೆಲಕ್ಕೂ ಈ ನೆಲಕ್ಕೂ ಒಂದು ನಂಟಿದ್ದಿತು.

೩

೧೮೦೦ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪನಿಯ ಸರಕಾರದ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಕೋಲಾರದ ಸೀಮೆಯ ಮೂಲಕ ಬೆಂಗಳೂರಿಗೆ ಬಂದನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಕಥನವು ಆ ದಾರಿಯ ಬೆಳೆ, ಕೆರೆ, ಮಣ್ಣುಗಳನ್ನು ದಿನದಿನಕ್ಕೂ ಬರೆದಿಟ್ಟ ಗ್ರಂಥ. ಸಾಗುವಳಿಗೆ ಬಂದಿರುವುದೆಷ್ಟು, ಬಾರದೆ ಉಳಿದಿರುವುದೆಷ್ಟು ಎಂಬ ಎರಡು ಕಣ್ಣುಗಳಿಂದ ಅವನು ನೆಲವನ್ನು ನೋಡಿದನು. ಯುದ್ಧಗಳಿಂದ ಹಾಳಾಗಿದ್ದ ಹೊಲಗಳೂ, ಊರವರು ಬೇಕೆಂದೇ ಬಿಟ್ಟಿದ್ದ ಹುಲ್ಲುಗಾವಲು ಕುರುಚಲುಗಳೂ ಇಂತಹ ಲೆಕ್ಕದಲ್ಲಿ ಒಂದೇ ಗುಂಪಿಗೆ ಬೀಳುತ್ತವೆ.

೧೮೦೯ರಲ್ಲಿ ಆಂಗ್ಲರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು, ಬೆಂಗಳೂರು ಪೇಟೆಗೆ ಮೂಡಲಲ್ಲಿ ಹಲಸೂರಿನ ಹತ್ತಿರದ ಎತ್ತರದ ನೆಲದಲ್ಲಿ ದಂಡನ್ನು ಹೂಡಿತು. ಶ್ರೀರಂಗಪಟ್ಟಣದ ಜ್ವರಕ್ಕೆ ಬೆದರಿದ್ದ ಅವರಿಗೆ ಒಣಗಾಳಿಯ ತೆರೆದ ಏರು ಹಿತವೆಂದು ತೋರಿತು. ಚರಕನು ಜಾಂಗಲದೇಶಕ್ಕೆ ಹೇಳಿದ ಗುಣವನ್ನೇ ಅವರೂ ಕಂಡರೆನ್ನಬಹುದು. ಆದರೆ ಸಾವಿರಾರು ಮಂದಿ ಸಿಪಾಯಿಗಳೂ, ಅವರನ್ನು ಅನುಸರಿಸಿ ಬಂದ ವರ್ತಕರೂ, ಕಸಬುದಾರರೂ ನೆಲಸಿದ ಮೇಲೆ ಒಲೆಗಳಿಗೆ ಸೌದೆ ಬೇಕಲ್ಲವೆ? ಇಟ್ಟಿಗೆಯ ಗೂಡು, ಸುಣ್ಣದ ಗೂಡು, ಅಗಸರ ಹಂಡೆ, ಬೇಕರಿಯ ಒಲೆ ಎಲ್ಲವೂ ಸುತ್ತಣ ಕುರುಚಲನ್ನೇ ನೆಚ್ಚಿದ್ದವು. ದಂಡಿನ ಬಡಗಣ ಭಾಗದ ಟ್ಯಾನರಿ ರಸ್ತೆಯ ಹೆಸರು ಚರ್ಮ ಹದಮಾಡುವ ಕಸಬು ಅಲ್ಲಿ ಬೇರೂರಿದ್ದುದಕ್ಕೆ ಸಾಕ್ಷಿ. ದಕ್ಷಿಣದೇಶದ ಆ ಕಸಬಿಗೆ ತಂಗಡಿಯ ತೊಗಟೆಯೇ ಮುಖ್ಯ ಸಾಮಗ್ರಿಯಾಗಿದ್ದಿತು.

೧೮೬೪ನೆಯ ಇಸವಿಯು ಈ ಚರಿತ್ರೆಯಲ್ಲಿ ಗುರುತಿಡತಕ್ಕ ವರ್ಷ. ಜೋಲಾರಪೇಟೆಯಿಂದ ದಂಡಿನ ನಿಲ್ದಾಣದವರೆಗೆ ರೈಲುದಾರಿಯು ತೆರೆದದ್ದು ಆ ವರ್ಷವೇ, ಮೈಸೂರಿನಲ್ಲಿ ಅರಣ್ಯ ಇಲಾಖೆಯು ಏರ್ಪಟ್ಟದ್ದೂ ಆ ವರ್ಷವೇ. ಒಂದು ಸೌದೆಯನ್ನು ಉರಿಸುವ ಯಂತ್ರ, ಇನ್ನೊಂದು ಸೌದೆಯನ್ನು ಬೆಳೆಸಿ ಕಾಯುವ ಯಂತ್ರ. ೧೮೮೦ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳು ವೃದ್ಧಿಗೆ ಬಂದಮೇಲೆ, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಅಲ್ಲಿಗೆ ಮುಟ್ಟುವವರೆಗೂ, ಗಣಿಯ ಉಗಿಯಂತ್ರಗಳೂ ಮರವನ್ನು ಬೇಡಿದವು. ಹೀಗೆ ಪಡುವಲಿಂದ ದಂಡೂ ಮೂಡಲಿಂದ ಗಣಿಯೂ ಒಂದೇ ಕುರುಚಲಿಗೆ ಕೈಹಾಕಿದವು. ಬೇಗ ಬೆಳೆಯುವ ಸರ್ವೆಯ ತೋಪುಗಳು ಬೆಂಗಳೂರಿನ ಸುತ್ತ ಎದ್ದದ್ದು ಈ ಸೌದೆಯ ಬೇಡಿಕೆಯಿಂದಲೇ.

ಇದೇ ಕಾಲದ ಭೂಮಾಪನದಲ್ಲಿ ‘ಖರಾಬು’ ಎಂಬ ಪದವು ಹಳ್ಳಿಯ ಲೆಕ್ಕದಲ್ಲಿ ಭದ್ರವಾಗಿ ನೆಲೆಗೊಂಡಿತು. ಪಾರಸಿಯ ಮೂಲಕ ಬಂದ ಈ ಮಾತಿಗೆ ‘ಕೆಟ್ಟುದು, ಹಾಳಾದುದು’ ಎಂದರ್ಥ. ಕಂದಾಯಕ್ಕೆ ಒಳಪಡದ ನೆಲವೆಂಬಷ್ಟೇ ಅಭಿಪ್ರಾಯದಿಂದ ಬಳಸಿದ ಶಬ್ದವಾದರೂ, ಓದುವವರ ಮನಸ್ಸಿನಲ್ಲಿ ಅದು ತನ್ನ ಮೂಲಾರ್ಥವನ್ನು ಬಿಡಲಿಲ್ಲ. ಊರ ದನಗಳಿಗೆಂದು ಬಿಟ್ಟ ಗೋಮಾಳವು ಬೇರೆಯಾಗಿ ಉಳಿಯಿತೆಂಬುದು ನಿಜ. ಆದರೆ ಉಳಿದ ಕುರುಚಲು ಬೀಳು, ಬಂಜರು, ಖರಾಬುಗಳೆಂಬ ಮೂರು ಅಭಾವಸೂಚಕ ಪದಗಳಲ್ಲಿ ಹಂಚಿಹೋಯಿತು. ‘ಸಾಧ್ಯ’ವೆನಿಸಿದ್ದ ನೆಲ ‘ಖರಾಬು’ ಎನಿಸಿಕೊಂಡಿತು. ಅಂತಹ ನೆಲವನ್ನು ಬೇರೊಂದು ಪ್ರಯೋಜನಕ್ಕೆ ಕೊಡುವುದಕ್ಕೆ ಯಾರ ಸಂಕೋಚವೂ ಇರಬೇಕಾಗಿರಲಿಲ್ಲ. ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರವರು ಆಂಗ್ಲೋ ಇಂಡಿಯನರ ಸಂಘಕ್ಕೆ ಕಾಡುಗೋಡಿ ಪಟ್ಟಂದೂರುಗಳ ಬಳಿ ಸುಮಾರು ೩,೯೦೦ ಎಕರೆ ನೆಲವನ್ನು ಅನುಗ್ರಹಿಸಿದರು. ಆ ಸಂಘವನ್ನು ಕಟ್ಟಿದ ವೈಟ್ ಎಂಬುವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು.

೪

ಇನ್ನು ನೀಲಗಿರಿಯ ಮರವು ಈ ನಾಡಿಗೆ ಬಂದ ಬಗೆ. ಟಿಪ್ಪೂಸುಲ್ತಾನನು ಸುಮಾರು ೧೭೯೦ರಲ್ಲಿ ಆಸ್ಟ್ರೇಲಿಯದ ಬೀಜಗಳನ್ನು ತರಿಸಿ ನಂದಿಬೆಟ್ಟದ ತನ್ನ ಅರಮನೆಯ ತೋಟದಲ್ಲಿ ಹಾಕಿಸಿದನೆಂಬುದು ಅರಣ್ಯಶಾಸ್ತ್ರದ ಗ್ರಂಥಗಳಲ್ಲೆಲ್ಲ ರೂಢವಾಗಿರುವ ಮಾತು. ಈ ಕಾಲವನ್ನು ಇತರ ಸಂಗತಿಗಳೊಡನೆ ತೂಗಿ ನೋಡಬಹುದು. ಆಂಗ್ಲರ ಮೊದಲ ಹಡಗುಪಡೆಯು ಆಸ್ಟ್ರೇಲಿಯದಲ್ಲಿ ನೆಲೆ ಹೂಡಿದ್ದು ೧೭೮೮ರ ಜನವರಿಯಲ್ಲಿ. ಕಾರ್ನವಾಲೀಸನ ಸೈನ್ಯವು ನಂದಿದುರ್ಗವನ್ನು ಹಿಡಿದದ್ದು ೧೭೯೧ರ ಅಕ್ಟೋಬರಿನಲ್ಲಿ. ಆದುದರಿಂದ ಈ ಬೀಜಗಳು ಬರಲು ಇದ್ದ ಅವಕಾಶವು ನಾಲ್ಕು ವರ್ಷಕ್ಕೂ ಕಡಮೆ. ಆ ಅವಧಿಯೊಳಗೆಯೇ, ೧೭೮೮ರಲ್ಲಿ, ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯ ಆಸ್ಥಾನಕ್ಕೆ ಹೋಗಿ ಬೀಜಗಳನ್ನೂ ತೋಟಗಾರರನ್ನೂ ಬೇಡಿ ಮರುವರ್ಷ ಹಿಂದಿರುಗಿದರು. ಲಾಲಬಾಗನ್ನು ಬೆಳೆಸಿದ ಅರಸನಿಗೆ ದೂರದೇಶದ ಗಿಡಗಳಲ್ಲಿದ್ದ ಆಸಕ್ತಿಯು ಸುಪ್ರಸಿದ್ಧ. ರೂಢಿಯ ಮಾತು ಕಾಲಕ್ಕೆ ಬಾಧಕವಾಗುವುದಿಲ್ಲವೆಂದು ಇಷ್ಟರಿಂದ ಹೇಳಬಹುದು.

ಬಂದ ದಾರಿ ಯಾವುದೇ ಆಗಲಿ, ನಂದಿಬೆಟ್ಟದ ಮರಗಳು ಅನೇಕ ಜಾತಿಗಳು ಬೆರೆತು ಬೆಳೆದ ಸಂಕರವಾಗಿದ್ದವು. ಅವುಗಳ ಬೀಜದಿಂದ ಹುಟ್ಟಿದ ಮರವನ್ನೇ ಮುಂದೆ ಅರಣ್ಯಾಧಿಕಾರಿಗಳು ‘ಮೈಸೂರು ಗಮ್’ ಎಂದು ಕರೆದರು. ಇದರಲ್ಲಿ ಪ್ರಧಾನವಾದ ಜಾತಿಯು ಟೆರೆಟಿಕಾರ್ನಿಸ್. ಉದಕಮಂಡಲದ ಬೆಟ್ಟಗಳಲ್ಲಿ ೧೮೪೩ರಿಂದ ಈಚೆಗೆ ಆಂಗ್ಲರು ಬೆಳೆಸಿದ್ದಾದರೋ ಗ್ಲೋಬ್ಯುಲಸ್ ಎಂಬ ಬೇರೆ ಜಾತಿ. ತಂಪಾದ ಎತ್ತರದಲ್ಲಿ ಮಾತ್ರ ಏಳಿಗೆಯಾಗುವ ಅದರ ಎಲೆಯಿಂದಲೇ ಪ್ರಸಿದ್ಧವಾದ ನೀಲಗಿರಿ ತೈಲವನ್ನು ಇಳಿಸುವುದು. ನಂದಿಯಿಂದ ಬಂದ ಮರಕ್ಕೆ ಕನ್ನಡಿಗರು ನೀಲಗಿರಿಯೆಂಬ ಹೆಸರನ್ನು ಇಟ್ಟದ್ದು ಆ ತೈಲದ ಪ್ರಸಿದ್ಧಿಯಿಂದ. ವಸ್ತುತಃ ಬೆಂಗಳೂರಿನ ಮೂಡಣ ಸೀಮೆಯ ಮರವು ನೀಲಗಿರಿಯದಲ್ಲ, ನಂದಿಯದು. ದಕ್ಷಿಣ ಪಿನಾಕಿನಿಯೂ ಈ ಮರವೂ ಒಂದೇ ಬೆಟ್ಟದ ಸೀಮೆಯಿಂದ ಹೊರಟು ಒಂದೇ ಬಯಲಿಗೆ ಇಳಿದವು. ಅವೆರಡರ ಭೇಟಿ ಮುಂದೆ ಹೇಗಾಯಿತೆಂಬುದನ್ನು ನೋಡಬೇಕಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮರಕ್ಕೆ ಇನ್ನೊಂದು ಕೀರ್ತಿಯೂ ಬಂದಿತು. ಅದರ ವಾಸನೆಯು ಕೆಟ್ಟ ಗಾಳಿಯನ್ನು ಶುದ್ಧಿಮಾಡಿ ಚಳಿಜ್ವರವನ್ನು ಓಡಿಸುವುದೆಂದು ಮೆಲ್ಬರ್ನಿನ ಸಸ್ಯಶಾಸ್ತ್ರಜ್ಞ ಫರ್ಡಿನಂಡ್ ಫಾನ್ ಮ್ಯುಲ್ಲರ್ ಮೊದಲಾದವರು ಪ್ರಚಾರ ಮಾಡಿದರು. ಜೌಗು ನೆಲದಲ್ಲಿ ನೆಟ್ಟಾಗ ಜ್ವರವು ಇಳಿದುದಾದರೆ ಅದಕ್ಕೆ ಕಾರಣ ವಾಸನೆಯಲ್ಲ, ಬೇರು ನೀರನ್ನು ಹೀರಿ ಜೌಗನ್ನು ಒಣಗಿಸಿದ್ದು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ದೇಹದೊಳಗೆ ಮಲೇರಿಯದ ಜೀವಾಣುವನ್ನು ಕಂಡ ರೊನಾಲ್ಡ್ ರಾಸನು ಅದಕ್ಕೆ ಮುಂಚೆ ಬೆಂಗಳೂರಿನ ದಂಡಿನಲ್ಲಿಯೂ ವೈದ್ಯನಾಗಿದ್ದವನು. ಸೊಳ್ಳೆಯ ನಿಜವು ಹೊರಬಿದ್ದ ಮೇಲೆ ವಾಸನೆಯ ವಾದವು ಬಿದ್ದುಹೋಯಿತು. ಹೀರುವ ಬೇರಿನ ಸಂಗತಿಯು ಮಾತ್ರ ಹೆಚ್ಚು ಜನರ ಗಮನಕ್ಕೆ ಬಾರದೆ ಉಳಿಯಿತು.

೫

ಮೈಸೂರು ಗಮ್ಮನ್ನು ವಿಸ್ತಾರವಾಗಿ ನೆಡುವ ಕೆಲಸವು ೧೯೫೦ರ ದಶಕದಿಂದ ಮೊದಲಾಯಿತು. ಕಾಗದದ ಮತ್ತು ರೇಯಾನಿನ ಕಾರ್ಖಾನೆಗಳಿಗೆ ತಿರುಳು ಬೇಕಾಗಿತ್ತು. ಬೆಳೆಯುತ್ತಿದ್ದ ಬೆಂಗಳೂರಿಗೆ ಸಾರುವೆಯ ಕಂಬಗಳು ಬೇಕಾಗಿದ್ದವು. ೧೯೮೩ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆಯು ಕರ್ನಾಟಕದಲ್ಲಿ ಆರಂಭವಾದಾಗ ಹೊಸಕೋಟೆ, ಮಾಲೂರು, ಕೋಲಾರಗಳ ಕಡೆ ಖರಾಬು ನೆಲಕ್ಕೂ ರಾಗಿಯ ಹೊಲಕ್ಕೂ ಈ ಸಸಿಗಳು ಬಂದವು. ಅದೇ ವರ್ಷ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಸಸಿಮಡಿಗಳಿಗೆ ನುಗ್ಗಿ ನೀಲಗಿರಿಯ ಸಸಿಗಳನ್ನು ಕಿತ್ತುಹಾಕಿದರು. ಒಂದೇ ಮರವನ್ನು ಕೆಲವರು ನೆಡುತ್ತಲೂ ಕೆಲವರು ಕೀಳುತ್ತಲೂ ಇದ್ದ ಆ ವರ್ಷದ ವಿವಾದವು ಇಂದಿಗೂ ಪೂರ್ಣವಾಗಿ ಶಾಂತವಾಗಿಲ್ಲ.

ಬೇಸಾಯಗಾರನು ಇದನ್ನು ಏಕೆ ಒಪ್ಪಿದನೆಂಬುದನ್ನು ನ್ಯಾಯವಾಗಿ ಹೇಳಬೇಕು. ರಾಗಿಗೆ ಉಳುಮೆ, ಬಿತ್ತನೆ, ಕುಂಟೆ, ಕಳೆ, ಕೊಯಿಲು, ಕಣಗಳೆಂದು ವರ್ಷವೆಲ್ಲ ಆಳು ಬೇಕು. ಮಳೆ ತಪ್ಪಿದರೆ ಎಲ್ಲವೂ ನಷ್ಟ. ನೀಲಗಿರಿಯನ್ನು ದನ ಮುಟ್ಟುವುದಿಲ್ಲ, ಮಳೆ ತಪ್ಪಿದರೂ ಅದು ಸಾಯುವುದಿಲ್ಲ. ಐದಾರು ವರ್ಷಕ್ಕೊಮ್ಮೆ ವ್ಯಾಪಾರಿಯೇ ಬಂದು ಕಡಿದುಕೊಂಡು ಹಣ ಕೊಟ್ಟುಹೋಗುವನು. ಪಟ್ಟಣದಲ್ಲಿ ನೆಲಸಿ ಹಳ್ಳಿಯಲ್ಲಿ ಹೊಲವಿಟ್ಟುಕೊಂಡವರಿಗಂತೂ ಇದು ಬಹಳ ಅನುಕೂಲವಾಗಿ ಕಂಡಿತು. ಅನನುಕೂಲವಾದದ್ದು ಹೊಲದ ಒಡೆಯರಲ್ಲದವರಿಗೆ. ಕಳೆ ಕೀಳುವ ಕೂಲಿಯೂ, ರಾಗಿಹುಲ್ಲೂ, ಕುರಿ ಮೇಯುವ ಬೀಳೂ ಅವರಿಗೆ ಒಟ್ಟಿಗೆ ತಪ್ಪಿದವು.

ಈ ಮರವು ಸ್ವಭಾವತಃ ಮ್ಯಾಲಿಯಲ್ಲ. ಬಿಟ್ಟರೆ ಒಂದೇ ಕಾಂಡದಿಂದ ಆಕಾಶಕ್ಕೆ ಏರುವ ಮಹಾವೃಕ್ಷ. ಆದರೆ ಮ್ಯಾಲಿಯ ಗಿಡಗಳಂತೆ ಇದಕ್ಕೂ ಬುಡದಲ್ಲಿ ಮರಗಡ್ಡೆಯುಂಟು. ಬೆಂಕಿಯೋ ಕೊಡಲಿಯೋ ಮೇಲ್ಭಾಗವನ್ನು ತೆಗೆದರೆ, ಅದರಲ್ಲಿ ನಿದ್ರಿಸುತ್ತಿರುವ ಮೊಗ್ಗುಗಳು ಎಚ್ಚತ್ತು ಚಿಗುರುತ್ತವೆ. ಕಬ್ಬನ್ನು ಕಡಿದ ಬುಡದಿಂದ ಏಳುವ ಬೆಳೆಗೆ ‘ಕೂಳೆ’ಯೆಂದು ಹೆಸರು. ಮೊದಲನೆಯ ಕಡಿತದಲ್ಲಿ ಒಂದು ಕಂಬವಾದದ್ದು ಎರಡನೆಯ ಬೆಳೆಯಲ್ಲಿ ನಾಲ್ಕಾರು ಸಣ್ಣ ಕೋಲುಗಳಾಗುವುದು. ಕೂಳೆಯ ಮೇಲೆ ಕೂಳೆ ಬಂದಂತೆ ತೋಪು ಗಿಡ್ಡವಾಗಿ, ಪೊದೆಪೊದೆಯಾಗಿ, ನೆರಳಿಲ್ಲದ ಒಣ ಕುರುಚಲಾಗುತ್ತದೆ. ಆಸ್ಟ್ರೇಲಿಯದಲ್ಲಿ ಬೆಂಕಿಯೂ ಬರವೂ ಸಾವಿರಾರು ವರ್ಷಗಳಲ್ಲಿ ರೂಪಿಸಿದ ಆಕಾರವನ್ನು ಕೋಲಾರದ ದಾರಿಯಲ್ಲಿ ಕೊಡಲಿಯು ಮೂವತ್ತು ವರ್ಷಗಳಲ್ಲಿ ರೂಪಿಸಿತು.

ನೋಟಕ್ಕೆ ಇದೂ ಕುರುಚಲೇ. ಆದರೆ ತಂಗಡಿಯ ಗೊಬ್ಬರವಿಲ್ಲ, ಕವಳೆಯ ಹಣ್ಣಿಲ್ಲ, ಮೇಕೆಗೆ ಮೇವಿಲ್ಲ. ಉದುರಿದ ಎಲೆಯು ಬೇಗ ಕೊಳೆಯದೆ ನೆಲದ ಮೇಲೆ ಒಣಗಿ ಬೀಳುವುದು, ಅದನ್ನೂ ಗುಡಿಸಿ ಉರುವಲಿಗೆ ಒಯ್ಯುವರು. ಹೆಸರು ಉಳಿದು ಒಳಗಣ ವಸ್ತು ಬದಲಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

೬

ಈ ಮರವು ನೀರನ್ನು ಕುಡಿದುಬಿಡುತ್ತದೆ ಎಂಬುದು ರೈತರ ಮಾತು. ಹಾಗಿಲ್ಲವೆಂಬುದು ಬಹುಕಾಲ ಅಧಿಕಾರಿಗಳ ಮಾತು. ಈ ವಿವಾದವನ್ನು ಅಳತೆಯಿಂದ ನಿರ್ಣಯಿಸಲು ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಇಲ್ಲಿಯ ಅರಣ್ಯವಿಜ್ಞಾನಿಗಳು ಕೂಡಿ ೧೯೮೦ರ ದಶಕದ ಕೊನೆಯಿಂದ ಶಿವಮೊಗ್ಗದ ಕಡೆಯ ಪುರದಾಳು, ದೇವಬಾಳಗಳಲ್ಲಿಯೂ, ಬೆಂಗಳೂರಿಗೆ ಮೂಡಲಲ್ಲಿರುವ ಹೊಸಕೋಟೆಯಲ್ಲಿಯೂ ಪರೀಕ್ಷೆಗಳನ್ನು ನಡೆಸಿದರು. ಅವರ ನಿರ್ಣಯವು ಎರಡೂ ಪಕ್ಷದವರನ್ನು ತಿದ್ದುವಂತಹುದು. ಮಣ್ಣಿನ ಆಳವು ಕಡಮೆಯಾದ ಕಡೆ ನೀಲಗಿರಿಯು ಬಳಸುವ ನೀರು ಆ ನಾಡಿನ ಸಹಜವಾದ ಒಣಗಾಡು ಬಳಸುವುದಕ್ಕಿಂತ ಹೆಚ್ಚಲ್ಲ. ಆದರೆ ರಾಗಿಯಂತಹ ಬೆಳೆಯು ಬಳಸುವುದಕ್ಕೆ ಅದು ಸುಮಾರು ಎರಡರಷ್ಟು. ಮಣ್ಣು ಆಳವಾಗಿದ್ದ ಹೊಸಕೋಟೆಯಲ್ಲಾದರೋ ಬೇರು ವರ್ಷ ವರ್ಷಕ್ಕೂ ಕೆಳಗಿಳಿದು, ಹಿಂದಿನ ಕಾಲದ ಮಳೆಯಿಂದ ನೆಲದಲ್ಲಿ ಕೂಡಿದ್ದ ತೇವವನ್ನೂ ಎಳೆದುಕೊಂಡಿತು. ಮಳೆ ಕಡಮೆಯಾಗಿದ್ದ ಮೂರು ವರ್ಷಗಳಲ್ಲಿ ಅಲ್ಲಿ ಬಿದ್ದ ಮಳೆಯು ೨,೧೦೦ ಮಿಲ್ಲಿಮೀಟರಾದರೆ, ತೋಪು ಖರ್ಚುಮಾಡಿದ ನೀರು ಸುಮಾರು ೩,೪೦೦ ಮಿಲ್ಲಿಮೀಟರೆಂದು ಲೆಕ್ಕಕ್ಕೆ ಬಂದಿತು. ಆದಾಯಕ್ಕಿಂತ ವೆಚ್ಚವು ಹೆಚ್ಚಾಗಬೇಕಾದರೆ ಮೂಲಧನದಿಂದಲೇ ಭರ್ತಿಯಾಗಬೇಕು. ನೆಲದ ಮೂಲಧನವೆಂದರೆ ಅದರ ಆಳದ ತೇವ.

ಇದೇ ಬೇರಿನ ಇನ್ನೊಂದು ಚರಿತ್ರೆಯನ್ನು ಇಲ್ಲಿ ಹೋಲಿಸಿ ನೋಡುವುದು ಯುಕ್ತ. ಆಸ್ಟ್ರೇಲಿಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮ್ಯಾಲಿಯನ್ನು ಸವರಿ ಗೋದಿಯ ಹೊಲಗಳನ್ನು ಮಾಡಿದರು. ಭಾರವಾದ ಉರುಳೆಗಳಿಂದ ಗಿಡಗಳನ್ನು ಮಲಗಿಸಿ ಸುಡುತ್ತಿದ್ದರು. ಉಳಿದ ಮರಗಡ್ಡೆಗಳು ನೇಗಿಲಿಗೆ ತಗುಲಿ ಮುರಿಯುತ್ತಿದ್ದುದರಿಂದ, ೧೮೭೬ರಲ್ಲಿ ಗಡ್ಡೆಯ ಮೇಲೆ ತಾನೇ ಜಿಗಿದು ದಾಟುವ ನೇಗಿಲೊಂದನ್ನು ಅಲ್ಲಿಯ ರೈತರು ಕಂಡುಹಿಡಿದರು. ಆಳದ ಬೇರು ಹೋಗಿ ಗೋದಿಯ ಗಿಡ್ಡ ಬೇರು ಬಂದಮೇಲೆ, ಹೀರುವವರಿಲ್ಲದ ಮಳೆನೀರು ನೆಲದೊಳಕ್ಕೆ ಇಳಿದು ಅಂತರ್ಜಲವನ್ನು ಮೇಲಕ್ಕೆತ್ತಿತು. ಅದರೊಡನೆ ಆಳದಲ್ಲಿದ್ದ ಉಪ್ಪೂ ಮೇಲೆ ಬಂದಿತು. ಹೊಲಗಳೂ ಮರ್ರೇ ನದಿಯೂ ಉಪ್ಪಾಗತೊಡಗಿದವು. ಅಲ್ಲಿ ಬೇರನ್ನು ಕಿತ್ತುದರಿಂದ ನೀರು ಏರಿ ಕೇಡಾಯಿತು. ಇಲ್ಲಿ ಬೇರನ್ನು ನೆಟ್ಟುದರಿಂದ ನೀರು ಇಳಿದು ಕೇಡಾಯಿತು. ಬೇರಿನ ಗುಣ ಎರಡು ಕಡೆಯೂ ಒಂದೇ. ಗುಣವು ದೋಷವಾಗುವುದು ದೇಶಭೇದದಿಂದ ಎಂಬ ವೈದ್ಯಶಾಸ್ತ್ರದ ಸಿದ್ಧಾಂತಕ್ಕೆ ಇದು ಸಮರ್ಥಕವಾದ ಉದಾಹರಣೆ.

ಕೋಲಾರದ ಸೀಮೆಯಲ್ಲಿ ಬಾವಿಗಳು ಒಣಗಿದುದೆಲ್ಲ ಈ ಮರದಿಂದಲೇ ಎನ್ನುವುದು ಸರಿಯಲ್ಲ. ಸಾವಿರ ಅಡಿಗೂ ಮಿಗಿಲಾಗಿ ಇಳಿದ ಕೊಳವೆಬಾವಿಗಳೂ, ವಿದ್ಯುತ್ತಿನ ಪಂಪುಗಳೂ, ಹೂಳು ತೆಗೆಯದೆ ಕೈಬಿಟ್ಟ ಕೆರೆಗಳೂ ಆ ಹೊಣೆಯಲ್ಲಿ ಪಾಲುಗಾರರು. ಆದರೂ ಕೆರೆಯ ಮೇಲಣ ಏರಿನ ಕುರುಚಲನ್ನು ಹೊಸ ಕುರುಚಲು ಆಕ್ರಮಿಸಿದಾಗ, ಕಾಡನ್ನೂ ಕೋಡಿಯನ್ನೂ ಕೂಡಿಸಿದ್ದ ಹಳೆಯ ಕ್ರಮವು ಮುರಿಯಿತೆಂಬುದರಲ್ಲಿ ಸಂದೇಹವಿಲ್ಲ. ೨೦೧೭ರಲ್ಲಿ ಕರ್ನಾಟಕ ಸರಕಾರವು ನೀಲಗಿರಿಯನ್ನೂ ಅಕೇಸಿಯವನ್ನೂ ಹೊಸದಾಗಿ ನೆಡಕೂಡದೆಂದು ಆಜ್ಞೆಮಾಡಿತು. ಮರುವರ್ಷ, ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯ ಚರಂಡಿ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಏರಿಸುವ ಕೆಲಸವು ಆರಂಭವಾಯಿತು. ನಿಸರ್ಗವು ಹಲಸೂರಿನಿಂದ ಇಳಿಜಾರಿನಲ್ಲಿ ಕಳುಹಿಸುತ್ತಿದ್ದ ನೀರನ್ನು ಈಗ ಯಂತ್ರವು ಬಳಸಿದ ನೀರಾಗಿ ಮೂಡಲಿಗೆ ತಳ್ಳುತ್ತಿದೆ.

೭

ಮೇಲೆ ನಿರೂಪಿಸಿದ ಸಂಗತಿಗಳಿಂದ ಏರ್ಪಡುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಬೆಂಗಳೂರಿನ ಮೂಡಣ ಸೀಮೆಯ ಒಣ ಕುರುಚಲು ಬರಿಯ ನೆಲವಾಗಿರಲಿಲ್ಲ. ವೈದ್ಯರಿಗೆ ಅದು ಜಾಂಗಲ, ಶಾಸನಕಾರರಿಗೆ ಕಾಡಾರಂಭ ಮತ್ತು ಸಾಧ್ಯ, ಹಳ್ಳಿಯವರಿಗೆ ಗೊಬ್ಬರ, ಮೇವು, ಸೌದೆಗಳ ಭಂಡಾರ. ಕಂದಾಯದ ಲೆಕ್ಕವು ಅದನ್ನು ಖರಾಬು ಎಂದು ಬರೆದುಕೊಂಡಿತು. ಆ ಹೆಸರಿನ ಬಲದಿಂದ ಸೌದೆಗೂ, ವಸತಿಗೂ, ಕೊನೆಗೆ ನೀಲಗಿರಿಗೂ ಅದು ಸುಲಭವಾಗಿ ಒಪ್ಪಿತವಾಯಿತು. ಮರವನ್ನು ತಂದವರು ಎಲೆಯನ್ನೂ ಕಾಂಡವನ್ನೂ ನೋಡಿದರು. ಬೇರನ್ನು ನೋಡಿದವರು ಬಾವಿ ಬತ್ತಿದ ರೈತರು.

ಹೆಸರು ಮರಳಿದರೆ ನೆಲದ ಗತಿಯೂ ತಿರುಗುವುದೆಂಬುದಕ್ಕೆ ಒಂದು ನಿದರ್ಶನವುಂಟು. ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಮಾಡಲು ರಾಜ್ಯದ ವನ್ಯಜೀವಿ ಮಂಡಳಿಯು ೨೦೨೪ರಲ್ಲಿ ಸಮ್ಮತಿಸಿತು. ಮರವಿಲ್ಲದ ಒಣ ಬಯಲನ್ನೂ ರಕ್ಷಣೆಗೆ ಅರ್ಹವೆಂದು ಒಪ್ಪಿದ್ದು ಈ ಪಟ್ಟಣದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಮೂಡಲಲ್ಲಿ ಅಂತಹ ಬಯಲು ಉಳಿದಿರುವುದು ಅತ್ಯಲ್ಪ. ಪಟ್ಟಂದೂರು ಅಗ್ರಹಾರದಲ್ಲಿ ೧೯೯೮ರಿಂದ ಗಣಕಯಂತ್ರಗಳ ಮಹಾಸೌಧಗಳು ನಿಂತಿವೆ. ಕೆರೆಯ ಏರಿಯ ಮೇಲೆ, ರೈಲುದಾರಿಯ ಅಂಚಿನಲ್ಲಿ, ಕಡಿದುಬಿಟ್ಟ ನೀಲಗಿರಿಯ ಕೂಳೆಗಳ ಸಂದಿನಲ್ಲಿ ಈಗಲೂ ಮಳೆಗಾಲದ ಕೊನೆಗೆ ತಂಗಡಿಯು ಹಳದಿ ಹೂ ಬಿಡುತ್ತದೆ. ಕಾಡುಗೋಡಿ ಎಂಬ ಹೆಸರಿನ ಪೂರ್ವಾರ್ಧಕ್ಕೆ ಆ ಸೀಮೆಯಲ್ಲಿ ಉಳಿದಿರುವ ಅರ್ಥವು ಅಷ್ಟೇ.